ಕಾಟಪ್ಪನ ಕೈಗುಣ

ಹರಿಹರದಲ್ಲಿ ಕಾಲು ಉಳುಕಿದವರು ಮೊದಲು ಹತ್ತುತ್ತಿದ್ದದ್ದು ದವಾಖಾನೆಯ ಮೆಟ್ಟಿಲನ್ನಲ್ಲ, ಗರಡಿ ಕಾಟಪ್ಪನ ಮನೆಯ ಕಟ್ಟೆಯನ್ನು. ಹರೆಯದಲ್ಲಿ ಕುಸ್ತಿ ಹಿಡಿದ ಆಸಾಮಿ. ಮೈ ಸೋತರೂ ಕೈ ಸೋತಿರಲಿಲ್ಲ. ಎಣ್ಣೆ ಹಚ್ಚಿ ತೀಡಿ, ಗರಡಿಯ ಕೆಂಪುಮಣ್ಣು ಮೆತ್ತಿ, ಎದ್ದು ನಡಿ ಅನ್ನುವನು. ಅವರು ನಡೆಯುತ್ತಿದ್ದರು. ಕೂತರೆ ಕೀಲು ಕೊಳೆಯುತ್ತದೆ ಅನ್ನುವುದು ಅವನ ವೇದ. ಊರು ಹೊಗಳಿತು, ಇವನು ಉಬ್ಬಿದ. ಹೊಗಳಿಕೆ ಯಾರಿಗೆ ಬೇಡ ಹೇಳಿ?

ಮೊಮ್ಮಗಳು ಚೈತ್ರಾ ಇನ್ನೂ ಮೈನೆರೆಯದ ಹುಡುಗಿ. ಖೋಖೋ ಆಡುವಾಗ ಪಾದ ಹೊರಳಿ ಬಿದ್ದಳು. ತಾಯಿ ಪೂಜಾ ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಮಾವನನ್ನು ಕೇಳದೆ ಮಗಳನ್ನು ಅಲ್ಲಿಯ ಎಲುಬಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಕಾಟಪ್ಪ ಮುಖ ಗಂಟಿಕ್ಕಿಕೊಂಡೇ ಹಿಂದೆ ಹೋದ.

ಡಾಕ್ಟರಮ್ಮ ಸ್ಕ್ಯಾನ್ ತೋರಿಸಿದರು. ಪಾದದ ಹರಡಿನ ಕೀಲಿನೊಳಗೆ ಎಲುಬಿನ ಮೇಲಿನ ಮೆತ್ತನೆಯ ಪದರ, ಮೃದ್ವಸ್ಥಿ, ಬಿರುಕು ಬಿಟ್ಟಿದೆ, ತುಣುಕು ಮಾತ್ರ ಕಿತ್ತು ಬಂದಿಲ್ಲ. ಬೆಳೆಯುವ ಮಗು, ಆಪರೇಷನ್ ಬೇಡ; ಪ್ಲಾಸ್ಟರ್ ಹಾಕಿ ಬಿಟ್ಟರೆ ಬಹಳಮಟ್ಟಿಗೆ ತಾನೇ ಕೂಡಿಕೊಳ್ಳುತ್ತದೆ. ಆದರೆ ನೋವು ನಿಂತಿತೆಂದು ಕಾಲು ಊರಿಸಬೇಡಿ, ತಿಕ್ಕಬೇಡಿ, ಮತ್ತೆ ಸ್ಕ್ಯಾನ್ ನೋಡಿ ನಾನು ಹೇಳುವವರೆಗೂ ಊರುಗೋಲು ಅಂದರು. ಕಾಟಪ್ಪನಿಗೆ ಹೇಳಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಕಟ್ಟೆಯ ಮಂದಿ ಸುಮ್ಮನಿರುತ್ತಾರೆಯೇ? ಊರ ಕಾಲು ತೀಡುವವನ ಮನೆಯಲ್ಲೇ ಪ್ಲಾಸ್ಟರ್ ಎಂದು ನಕ್ಕರು. ಅದು ಅವನ ಹೊಟ್ಟೆಗೆ ಬೆಂಕಿ ಇಟ್ಟಿತು. ಪೂಜಾ ಕೆಲಸಕ್ಕೆ ಹೋದ ಒಂದು ಮಧ್ಯಾಹ್ನ ಪ್ಲಾಸ್ಟರನ್ನು ನೀರಲ್ಲಿ ನೆನೆಸಿ, ಕತ್ತರಿಸಿ ತೆಗೆದೇಬಿಟ್ಟ. ಒಳಗಿನ ಕಾಲು ಬಡಕಲಾಗಿತ್ತು. ನೋಡು, ಕೊಳೆಯುತ್ತಿದೆ ಅಂದುಕೊಂಡ ಮಹಾನುಭಾವ. ಎಣ್ಣೆ ಹಚ್ಚಿ ತೀಡಿದ, ಮಣ್ಣು ಮೆತ್ತಿದ, ಅಂಗಳದಲ್ಲಿ ನಡೆಸಿದ.

“ನೋವಾಗ್ತೈತೇನವ್ವಾ?”

“ಇಲ್ಲಜ್ಜ.”

ಅಜ್ಜನ ಮುಖ ಅರಳಿದ್ದನ್ನು ಕಂಡು ಹಾಗಂದಿತ್ತು, ಪಾಪದ ಕೂಸು. ಇವನಿಗೆ ಅಷ್ಟೇ ಸಾಕಾಯಿತು. ಕಟ್ಟೆಯವರನ್ನೆಲ್ಲ ಕರೆದು, ಅವರ ಮುಂದೆ ಅವಳನ್ನು ಎಗರಲು ಹೇಳಿದ. ಎಗರಿದಳು. ಕೀಲು ಸಿಕ್ಕಿಕೊಂಡಿತು, ಹುಡುಗಿ ಕಿರುಚಿ ಕುಸಿದಳು. ನೋಡಲು ಬಂದವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು.

ತುಣುಕು ಕಿತ್ತು ಕೀಲಿನೊಳಗೆ ಬಿದ್ದಿದೆ, ಇನ್ನು ಆಪರೇಷನ್ ಆಗಲೇಬೇಕು, ಆದರೂ ಕಾಲು ಮೊದಲಿನಂತಾಗುವ ಭರವಸೆ ಇಲ್ಲ ಎಂದರು ಡಾಕ್ಟರಮ್ಮ. ಪೂಜಾ ಕೂಗಾಡಲಿಲ್ಲ, ಕೂಗಾಡಿದ್ದರೆ ಕಾಟಪ್ಪನಿಗೂ ಹಗುರಾಗುತ್ತಿತ್ತು.

“ನೀವು ಏನೂ ಮಾಡೋದು ಬ್ಯಾಡಾಗಿತ್ತಲ್ರಿ ಮಾವಾ,” ಅಂದಳು. “ಸುಮ್ನೆ ಕುಂತಿದ್ರೆ ಸಾಕಾಗಿತ್ತು.”

ಆಪರೇಷನ್ ಆಗಿ ಚೈತ್ರಾ ಮನೆಗೆ ಬಂದಳು. ಕುಂಟು ನಿಂತಿಲ್ಲ, ಖೋಖೋ ಮಾತು ಯಾರೂ ಎತ್ತುವುದಿಲ್ಲ. ಕೈಗುಣದ ಸುದ್ದಿ ಮಾತ್ರ ಇನ್ನೂ ಹಳ್ಳಿಗಳಲ್ಲಿ ಓಡಾಡುತ್ತಿತ್ತು. ಮೊನ್ನೆ ಬಾತಿ ಹಳ್ಳಿಯಿಂದ ಭೀಮವ್ವನೆಂಬಾಕೆ ಪಾದ ಊದಿದ ಮಗಳನ್ನು ಹೊತ್ತು ತಂದು ಕಟ್ಟೆಯ ಮೇಲೆ ಕೂರಿಸಿದಳು. ಕಾಟಪ್ಪ ಪಾದದತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಒಳಗಿನ ಮಂಚದಿಂದ ಚೈತ್ರಾಳೇ ಹೇಳಿದಳು:

“ನಮ್ಮಜ್ಜನ ಕೈಗೆ ಕಾಲು ಕೊಡಬ್ಯಾಡ್ರಿ. ದವಾಖಾನಿಗೆ ಕರ್ಕಂಡು ಹೋಗ್ರಿ.”

ಭೀಮವ್ವ ಅವನ ಮುಖ ನೋಡಿದಳು. ಹುಡುಗಿ ಹೇಳಿದ್ದೇ ಖರೆ ಅಂದ ಕಾಟಪ್ಪ, ಆಟೋ ನಿಲ್ಲುವ ಕಡೆ ಕೈ ತೋರಿಸಿದ.