ಕಂಡಕ್ಟರ್ ಅಕ್ಕನ ಎಡಗೈ

ಹೋದ ಭಾನುವಾರ ಟಿ.ವಿ. ಕೆಳಗಿನ ಡ್ರಾಯರ್ ಖಾಲಿ ಮಾಡುವಾಗ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಕಪ್ಪು ಅಡಾಪ್ಟರ್ ಸಿಕ್ಕಿತು. ಒಂದು ತುದಿಯಲ್ಲಿ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಗೆ ಕೂರುವ ಅಗಲದ ಪ್ಲಗ್ಗು, ಇನ್ನೊಂದು ತುದಿಯಲ್ಲಿ ಈಗಿನ ಗೇಮ್ ರಿಮೋಟಿನ ವೈರು ಸಿಕ್ಕಿಸುವ ಕಿಂಡಿ. ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಅದರಲ್ಲಿ ಇನ್ನೂ ಉಳಿದಿತ್ತೋ, ನನಗೇ ಹಾಗನಿಸಿತೋ... ಕೊಟ್ಟೂರಿನ ಬಾಡಿಗೆ ಮನೆಯೂ ಎದುರು ಮನೆಯ ಕಂಡಕ್ಟರ್ ಅಕ್ಕನೂ ಕಣ್ಣ ಮುಂದೆ ಬಂದರು.

ಅಕ್ಕ ಹರಪನಹಳ್ಳಿ ಬಸ್ಸಿನ ಕಂಡಕ್ಟರ್. ಒಂದು ಸಂಜೆ ಬಸ್ಸಿನ ಬಾಗಿಲಿಗೆ ಬಲಗೈ ಸಿಕ್ಕಿ ನರ ಜಜ್ಜಿಹೋಯಿತು. ಗಾಯ ಮಾಯ್ದರೂ ಹೆಬ್ಬೆರಳಿಗೆ ಬಲ ಬರಲಿಲ್ಲ. ಟಿಕೆಟ್ ಮಷಿನ್ ಒತ್ತಲು ಆಗದಿದ್ದರೆ ಡಿಪೋದಲ್ಲಿ ಕೂರಿಸುತ್ತೇವೆ ಎಂದು ಮೇಲಿನವರು ಹೇಳಿದ್ದರು. ಹಾಗೆ ಕೂತವರು ಮತ್ತೆ ಬಸ್ ಹತ್ತಿದ್ದನ್ನು ತಾನು ಕಂಡಿಲ್ಲ ಎನ್ನುತ್ತಿದ್ದರು ಅಕ್ಕ. ಡಾಕ್ಟರ್ ಕೊಟ್ಟ ರಬ್ಬರ್ ಚೆಂಡನ್ನು ಹಿಚುಕಿ ಹಿಚುಕಿ ಬೇಸತ್ತು, ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದರು. ನಮ್ಮ ಮನೆಯವರು ತಮ್ಮ ಚಿಕ್ಕಂದಿನ ಗೇಮ್ ಪೆಟ್ಟಿಗೆಯ ಮುಂದೆ ಕೂತಿದ್ದರು.

"ಇದರಾಗ ಒಂದ ಸವನ ಗುಂಡಿ ಒತ್ತಬೇಕಲ್ರಿ ಅಣ್ಣಾರ? ನನಗ ಕೊಡ್ರಿ, ನೋಡಾಣ."

ಹಳೆಯ ರಿಮೋಟಿನ ಗುಂಡಿಗಳು ಗಡುಸಾಗಿದ್ದವು. ಮೆತ್ತಗಿನ ಹೊಸ ರಿಮೋಟ್ ಸಿಕ್ಕಿಸಲೆಂದೇ ನಮ್ಮವರು ಈ ಅಡಾಪ್ಟರ್ ತರಿಸಿದರು. ಅಂದಿನಿಂದ ಮಧ್ಯಾಹ್ನವಾದರೆ ಅಕ್ಕ ನಮ್ಮ ಚಾಪೆಯ ಮೇಲೆ. ವಿಮಾನದಿಂದ ಗುಂಡು ಹಾರಿಸುವ ಆಟ. ತುಟಿ ಕಚ್ಚಿಕೊಂಡು, ಬೆವರುತ್ತ ಆಡುತ್ತಿದ್ದರು. ಬಾಗಿಲಲ್ಲಿ ನಿಂತ ಅವರ ತಾಯಿ ಟಿ.ವಿ. ಕಡೆ ನೋಡುತ್ತಲೇ ಇರಲಿಲ್ಲ. ಅವರ ಕಣ್ಣೆಲ್ಲ ಮಗಳ ಹೆಬ್ಬೆರಳ ಮೇಲೆ.

ಇಲಾಖೆಯ ಡಾಕ್ಟರ ಮುಂದೆ ಕೈ ತಪಾಸಣೆಗೆ ಹಾಜರಾಗುವ ದಿನ ಗೊತ್ತಾದ ಮೇಲೆ ಆಟ ಇದ್ದಕ್ಕಿದ್ದಂತೆ ಸುಧಾರಿಸಿತು. ಗುಂಡುಗಳು ಸಾಲಾಗಿ ಹಾರತೊಡಗಿದವು. ತಾಯಿ ಸಕ್ಕರೆ ಹಂಚಿದರು. ಅಕ್ಕನ ಮುಖ ಮಾತ್ರ ಬಿಗಿಯುತ್ತ ಹೋಯಿತು. ಒಂದು ದಿನ ಆಟದ ನಡುವೆಯೇ ರಿಮೋಟ್ ಕೆಳಗಿಟ್ಟರು.

"ಅಣ್ಣಾರ, ನಾ ಒತ್ತಿದ್ದು ಒಮ್ಮಿ. ಗುಂಡು ಹೋದದ್ದು ಐದಾರು. ಇದೇನ್ರಿ?"

ನಮ್ಮವರು ತಲೆ ತಗ್ಗಿಸಿದರು. ಗುಂಡಿ ಒಮ್ಮೆ ಒತ್ತಿ ಹಿಡಿದರೆ ಹಲವು ಸಲ ಒತ್ತಿದಂತೆ ಮಾಡುವ ಏರ್ಪಾಡು ಅಡಾಪ್ಟರಿನಲ್ಲಿತ್ತಂತೆ. ನನಗೂ ಹೇಳದೆ ಅದನ್ನು ಹಾಕಿಟ್ಟಿದ್ದರು.

"ನಿಮಗ ಧೈರ್ಯ ಬರಲಿ ಅಂತ..." ಎಂದರು.

"ಅಲ್ಲಿ ಮಷಿನ್ ಕೈಗೆ ಕೊಟ್ಟಾಗ ಏನ್ ಮಾಡ್ಲಿ? ಈ ಪೆಟ್ಟಿಗಿ ಹೊತ್ಕೊಂಡು ಹೋಗ್ಲೇನು?"

ಏರ್ಪಾಡು ತೆಗೆಸಿ ಮತ್ತೆ ಆಡಿದರು. ಹೆಬ್ಬೆರಳು ನಡುಗಿತು. ಒಂದು ಗುಂಡು ಹಾರಿತು, ಎರಡನೆಯದು ಹಾರಲಿಲ್ಲ. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಕ್ಕ ಎದ್ದು ಹೋಗಿಬಿಡುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ರಿಮೋಟನ್ನು ಎಡಗೈಗೆ ತೆಗೆದುಕೊಂಡು ಕೇಳಿದರು:

"ಗುಂಡು ಹೊಡಿಯೋ ಗುಂಡಿ ಎಡಕ್ಕ ಹಾಕಾಕ ಬರ್ತೈತೇನ್ರಿ?"

ಬರುತ್ತಿತ್ತು. ಒಂದು ಗುಂಡಿಯ ಕೆಲಸವನ್ನು ಇನ್ನೊಂದಕ್ಕೆ ವಹಿಸಲು ಅಡಾಪ್ಟರಿನಲ್ಲಿ ಅವಕಾಶವಿತ್ತು. ವಿಮಾನ ತಿರುಗಿಸುವ ಕೆಲಸ ಬಲಗೈಗೆ ಹೋಯಿತು. ಅದಕ್ಕೆ ಬಲ ಬೇಡ, ಬೆರಳು ಆನಿಸಿದರೆ ಸಾಕು.

"ಎಡಗೈಲೆ ಟಿಕೆಟ್ ಕೊಟ್ರ ಮಂದಿ ಮಾರಿ ತಿರುವ್ತಾರ," ಎಂದರು ತಾಯಿ.

"ಒತ್ತೋದು ಎಡಗೈಲೆ, ಕೊಡೋದು ಬಲಗೈಲೆ. ಸುಮ್ಕಿರವ್ವ."

ತಪಾಸಣೆಗೆ ನಾನೂ ಜೊತೆಗೆ ಹೋದೆ. ಡಾಕ್ಟರು ಮಷಿನ್ ಕೊಟ್ಟರು. ಅಕ್ಕ ಅದನ್ನು ಬಲ ಅಂಗೈ ಮೇಲೆ ಕೂರಿಸಿಕೊಂಡರು.

"ಬಲಗೈಲೆ ಒತ್ತಮ್ಮ."

"ಅದರಾಗ ಆಗಲ್ರಿ ಸರ್."

ಡಾಕ್ಟರು ಪೆನ್ನು ತೆಗೆದರು. ಅಕ್ಕ ಕದಲಲಿಲ್ಲ.

"ನೀವು ಊರ ಹೆಸರು ಹೇಳ್ರಿ ಸರ್. ಟಿಕೆಟ್ ಯಾವ ಕೈಲೆ ಒತ್ತಿದ್ರಂತ ಪ್ಯಾಸೆಂಜರ್ ಕೇಳಲ್ಲ."

ಡಾಕ್ಟರು ಒಂದರ ಹಿಂದೊಂದು ಊರ ಹೆಸರು ಹೇಳುತ್ತ ಹೋದರು. ಎಡ ಹೆಬ್ಬೆರಳು ಒತ್ತುತ್ತಲೇ ಇತ್ತು. ಹರಿದ ಚೀಟಿಯನ್ನು ಬಲಗೈಯ ಎರಡು ಬೆರಳ ನಡುವೆ ಸಿಕ್ಕಿಸಿ ಅಕ್ಕ ಮುಂದೆ ಚಾಚುತ್ತಿದ್ದರು. ಕೊನೆಯದು ಜಾರಿ ನೆಲಕ್ಕೆ ಬಿತ್ತು. ಡಾಕ್ಟರೇ ಬಗ್ಗಿ ಎತ್ತಿಕೊಂಡು, ಅದರ ಮೇಲಿನ ಊರ ಹೆಸರು ಓದಿ, "ಮೂರು ತಿಂಗಳು ನೋಡೋಣ," ಎಂದು ಬರೆದರು.

ಮೂರು ತಿಂಗಳಾದ ಮೇಲೆ ಯಾರೂ ಕೇಳಲಿಲ್ಲ. ಅಕ್ಕ ಅದೇ ಬಸ್ಸಿನಲ್ಲಿ ಉಳಿದರು. ನಾವು ಕೊಟ್ಟೂರು ಬಿಟ್ಟು ಹಡಗಲಿಗೆ ಬಂದೆವು. ಮೊದಮೊದಲು ಫೋನಿತ್ತು... ಆಮೇಲೆ ಅದೂ ನಿಂತಿತು.

ಸೋಮವಾರ ರಜೆ ಹಾಕಿ ಕೊಟ್ಟೂರಿಗೆ ಹೋದೆ. ನಿಲ್ದಾಣದಲ್ಲಿ ಹರಪನಹಳ್ಳಿ ಬಸ್ಸು ನಿಂತಿತ್ತು. ಒಳಗೆ ಹತ್ತಿ ಕೂತು, ಹತ್ತಿರ ಬಂದ ಹೊಸ ಕಂಡಕ್ಟರನನ್ನು ಅಕ್ಕನ ಬಗ್ಗೆ ವಿಚಾರಿಸಿದೆ.

"ಅಕ್ಕಾರು ತೀರ್ಕೊಂಡ್ರಲ್ರಿ, ಹ್ವಾದ ದೀಪಾವಳಿ ಮುಂದ. ಕಾಮಾಲಿ ಆಗಿತ್ತು. ನಿಮಗ ಗೊತ್ತಿಲ್ಲೇನು?"

ಬಸ್ಸು ಹೊರಟಿತು. ಅವನು ಮಷಿನ್ ಹಿಡಿದು ಕಾದ. "ಎಲ್ಲಿಗ್ರಿ?" ಎಂದ.

ಅಕ್ಕನನ್ನು ನೋಡಲೆಂದು ಹತ್ತಿದ್ದ ನನಗೆ ಯಾವ ಊರಿನ ಹೆಸರು ಹೇಳಬೇಕೋ ತಿಳಿಯಲಿಲ್ಲ.