ಜಗಳವಾಡಿದವರ ಸಾಕ್ಷಿ

ನಮ್ಮತ್ತೆಗೆ ಮೂಗಿನ ತುದಿಯಲ್ಲೇ ಕೋಪ. ಅವರ ಹೊಲಿಗೆ ಅಂಗಡಿಯಲ್ಲಿ ಮಷಿನ್ನಿಗಿಂತ ಅವರ ಗಂಟಲೇ ದೂರ ಕೇಳುತ್ತದೆ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಂಡಸರಿಗೆ, "ಉಸಿರು ಬಿಡ್ರೀ, ಕೋಟು ಹಾಕ್ಕೊಂಡು ಊಟ ಮಾಡಲ್ವಾ?" ಎಂದು ಗದರುತ್ತಾರೆ. ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಗಡಗಡ ನಡುಗುತ್ತಿದ್ದೆ. ಯಾರಿಗಾದರೂ ಕಾಯಿಲೆ ಎಂದರೆ ಕತ್ತರಿ ಕೆಳಗಿಟ್ಟು ಮೊದಲು ಹೊರಡುವವರೂ ಇವರೇ ಎಂದು ಆಮೇಲೆ ಗೊತ್ತಾಯಿತು. ಅಲ್ಲಿ ಮಾತ್ರ ಪಿಟಕ್ಕೆನ್ನುವುದಿಲ್ಲ. ಪಾತ್ರೆ ತೊಳೆದು, ರೋಗಿಯ ಬೆನ್ನೊರೆಸಿ, ಎರಡೇ ಮಾತು ಪ್ರಾರ್ಥಿಸಿ ಎದ್ದುಬರುತ್ತಾರೆ.

ನಮ್ಮ ಚರ್ಚಿನ ಸಭಾಹಿರಿಯರೊಬ್ಬರು ತೀರಿಕೊಂಡಾಗ ಆ ಜಾಗಕ್ಕೆ ಎರಡು ಹೆಸರು ಬಂದವು. ಒಂದು ಅತ್ತೆಯದು, ಇನ್ನೊಂದು ನಾವು ಜೇನುಗಂಟಲು ಎಂದು ಕರೆಯುವ ಮೇಷ್ಟರದು. ಮೇಷ್ಟರು ಪ್ರಾರ್ಥನೆಗೆ ನಿಂತರೆ ನಾನೂ ಕಣ್ಣೊರೆಸಿಕೊಂಡವಳೇ. ಆದರೆ ಹಿರಿಯರನ್ನು ಆರಿಸುವಾಗ ನಮ್ಮ ಸಭೆಗೆ ಹೊಗಳುವವರ ಮಾತು ಬೇಡ. ಹೆಸರು ಬಂದವರು ತಾವು ಜಗಳವಾಡಿದ ಒಬ್ಬರನ್ನು ಕರೆತರಬೇಕು. ಅವರ ಮಾತು ಕೇಳಿಯೇ ಸಭೆ ಕೈಯೆತ್ತುವುದು. ಇದು ಹಳೆಯ ಪದ್ಧತಿ.

ಅತ್ತೆಗೆ ಆ ಹೊಣೆ ಬೇಕಿತ್ತು. ಬೇಡವೆಂದು ನಟಿಸುವ ಹೆಂಗಸಲ್ಲ. "ಕಾಯಿಲೆಯವರ ಮನೆಗೆ ಈಗ ಹೋದ್ರೆ ಟೈಲರಮ್ಮ ಬಂದ್ಲು ಅಂತಾರೆ ಕಣೇ. ಹಿರಿಯಳಾಗಿ ಹೋದ್ರೆ ಸಭೇನೇ ಬಂತು ಅನ್ಕೋತಾರೆ. ಮಲಗಿದವರಿಗೆ ಅದು ದೊಡ್ಡದು," ಎಂದರು.

"ಜಗಳಕ್ಕೇನು ಬರಗಾಲವಾ ನಿಮಗೆ? ನಿಮ್ಮ ತಮ್ಮನ್ನೇ ಕರೀರಿ, ಅತ್ತೆ. ಒಳ್ಳೇ ಮಾತಾಡ್ತಾರೆ."

"ಅವನ ಜೊತೆ ಆಡಿದ್ದು ಜಗಳಾನಾ? ಬೇಕರಿಯವರನ್ನ ಕರೀತೀನಿ."

ನಮ್ಮ ಪಕ್ಕದಂಗಡಿಯ ಬೇಕರಿಯವರು ಚರ್ಚಿನ ಮೆಟ್ಟಿಲು ಹತ್ತಿದವರೇ ಅಲ್ಲ. ನನ್ನ ಮದುವೆಗೂ ಮುಂಚೆ, ಗಿರಾಕಿಯೊಬ್ಬರು ಕೊಟ್ಟಿದ್ದ ಲೇಸು ಕಾಣೆಯಾದಾಗ, ಬೇಕರಿಯವರ ಹೆಂಡತಿಯೇ ಕದ್ದಳೆಂದು ಅತ್ತೆ ಬೀದಿಯಲ್ಲಿ ನಿಂತು ಕೂಗಾಡಿದ್ದರಂತೆ. ಲೇಸು ಸಿಕ್ಕಿದ್ದು ಅತ್ತೆಯದೇ ಬಟ್ಟೆಗಂಟಿನಲ್ಲಿ. ಆವತ್ತು ಮಾತು ಬಿಟ್ಟ ಬೇಕರಿಯವರು ಮತ್ತೆ ಆಡಿರಲಿಲ್ಲ. ಈಗ ಅತ್ತೆ ಹೋಗಿ ಕರೆದರೆ, ಬನ್ನಿನ ತಟ್ಟೆಯನ್ನು ಧಡ್ಡನೆ ಒಲೆಯೊಳಗೆ ತಳ್ಳಿ ಅವರು ಬೆನ್ನು ತಿರುಗಿಸಿದರು. ಹಿರಿತನ ಕೈತಪ್ಪಿತು ಎಂದುಕೊಂಡೆ.

ಭಾನುವಾರ ಮೇಷ್ಟರು ಮೊದಲು ಎದ್ದರು. "ನಾನು ಜೀವಮಾನದಲ್ಲಿ ಯಾರ ಜೊತೆಗೂ ಜಗಳ ಆಡಿದವನಲ್ಲ. ಯಾರನ್ನ ಕರೆತರಲಿ?" ಎಂದು ಕೈ ಮುಗಿದರು. ಸಭೆ ತಲೆದೂಗಿತು. ನನಗೆ ಮೈಯೆಲ್ಲ ಉರಿಯಿತು.

ಸಭಾಪಾಲಕರು ಅತ್ತೆಯ ಕಡೆ ನೋಡಿದರು. ಅತ್ತೆ ಎದ್ದು, "ಕರೆದಿದ್ದೆ. ಬಂದಿಲ್ಲ," ಎಂದಷ್ಟೇ ಹೇಳಿ ಕೂರುವ ಹೊತ್ತಿಗೆ ಬಾಗಿಲು ಕಿರುಗುಟ್ಟಿತು. ತೋಳಿಗೆಲ್ಲ ಹಿಟ್ಟು ಮೆತ್ತಿಕೊಂಡು ಬೇಕರಿಯವರು ಒಳಬಂದರು. ಹಿಂದೆಯೇ ಅವರ ಹೆಂಡತಿ.

"ಈಯಮ್ಮ ಜಗಳಗಂಟಿ," ಎಂದೇ ಅವರು ಶುರುಮಾಡಿದರು. ನಾನು ಕಣ್ಣು ಮುಚ್ಚಿಕೊಂಡೆ. "ನನ್ನ ಹೆಂಡ್ತೀನ ಬೀದೀಲಿ ಕಳ್ಳಿ ಅಂದ್ರು. ಮಾರನೇ ದಿನ ಅಂಗಡಿ ತುಂಬ ಜನ ಇದ್ದಾಗ ಬಂದ್ರು. ಒಳಗೆ ಬನ್ನಿ, ಮಾತಾಡೋಣ ಅಂದ್ಲು ಇವಳು. ಬೇಡ, ಬೈದಿದ್ದು ಎಲ್ಲರೆದುರು, ತಪ್ಪು ಒಪ್ಕೊಳ್ಳೋದೂ ಎಲ್ಲರೆದುರೇ ಅಂತ ಇವಳ ಕೈ ಹಿಡ್ಕೊಂಡು ಕ್ಷಮೆ ಕೇಳಿದ್ರು. ಆಮೇಲೆ ಬೀದೀಲಿ ಮನೆಮನೆಗೂ ಹೋಗಿ, ಲೇಸು ನನ್ನ ಬಟ್ಟೆಗಂಟಿನಲ್ಲೇ ಇತ್ತು, ಆ ಹೆಣ್ಣುಮಗಳದ್ದೇನೂ ತಪ್ಪಿಲ್ಲ ಅಂತ ಹೇಳಿ ಬಂದ್ರು. ಆದ್ರೂ ನನ್ನ ಸಿಟ್ಟು ಇಳೀಲಿಲ್ಲ."

ಅವರು ಹೆಂಡತಿಯ ಕಡೆ ತಿರುಗಿದರು. "ನಮ್ಮಮ್ಮ ಹಾಸಿಗೆ ಹಿಡಿದಾಗಿಂದ, ನಾನಿಲ್ಲದ ಹೊತ್ತು ನೋಡಿ ದಿನಾ ಬಂದು ಮೈ ಒರೆಸಿ ಹೋಗ್ತಾರಂತೆ. ನನಗೆ ಹೇಳ್ಬೇಡ ಅಂದಿದ್ರಂತೆ. ನಿನ್ನೆ ಇವಳು ಹೇಳಿದ್ಲು. ನಿಮ್ಮ ಪ್ರಾರ್ಥನೆ ಗೀರ್ಥನೆ ನನಗೆ ತಿಳಿಯಲ್ಲ. ನಮ್ಮನೇಲಿ ಕಷ್ಟ ಬಂದ್ರೆ ನಾನು ಕರೆಯೋದು ಇವರನ್ನೇ."

ಆಗ ಹೆಂಗಸರ ಕಡೆಯಿಂದ ಒಂದು ನಗು ಕೇಳಿಸಿತು. ಮೇಷ್ಟರ ಹೆಂಡತಿ! "ಜಗಳಾನೇ ಆಡಿಲ್ವಂತೆ! ತಪ್ಪಾಯ್ತು ಅನ್ನೋ ಒಂದು ಮಾತು ಇವರ ಬಾಯಲ್ಲಿ ಕೇಳೋಕೆ ಮದುವೆ ಆದಾಗಿಂದ ಕಾಯ್ತಾ ಇದೀನಿ," ಎಂದು ಎಲ್ಲರಿಗಿಂತ ಮೊದಲು ಅತ್ತೆಗಾಗಿ ಕೈಯೆತ್ತಿದರು.

ಆಮೇಲೆ ನೋಡಿ, ಬೆಂಚು ಬೆಂಚುಗಳಲ್ಲೂ ಕೈಗಳು. ಮೇಷ್ಟರು ಕೆಂಪು ಕೆಂಪಾಗಿ ಒಂದಿಷ್ಟು ಹೊತ್ತು ನೆಲ ನೋಡಿದರು, ಆಮೇಲೆ ಅವರೂ ಎತ್ತಿದರು. ಆ ಕ್ಷಣದಲ್ಲಿ ಅವರ ಮೇಲೂ ನನಗೆ ಪ್ರೀತಿ ಬಂತು. ನಾನಂತೂ ಎರಡೂ ಕೈ ಎತ್ತಿದ್ದೆ. ಲೆಕ್ಕಕ್ಕಿಲ್ಲದ ಬೇಕರಿಯವರ ಹಿಟ್ಟಿನ ಕೈಯೂ ಮೇಲೆದ್ದಿತ್ತು. ಸಭೆ ಎದ್ದು ನಿಂತು ಸೂರು ಹಾರುವಂತೆ ಹಾಡಿತು.

ಅತ್ತೆಯ ಕೆನ್ನೆ ತೊಯ್ದುಹೋಗಿತ್ತು. ಆದರೂ ಬಾಗಿಲ ಬಳಿ ಬೇಕರಿಯವರನ್ನು ತಡೆದು, "ಸಿಟ್ಟು ಹೋಯ್ತೇನ್ರೀ?" ಎಂದು ಗದರಿದರು.

"ಇನ್ನೂ ಸ್ವಲ್ಪ ಇದೆ," ಎಂದ ಬೇಕರಿಯವರು ಮೆಟ್ಟಿಲಿಳಿದು ತಿರುಗಿ ನೋಡಿದರು. "ಸಂಜೆ ಮನೆಗೆ ಬನ್ನಿ ಅಕ್ಕಾ, ಅಮ್ಮ ಕಾಯ್ತಿರ್ತಾಳೆ. ಈ ಸಲ ನಾನಿರೋವಾಗಲೇ ಬನ್ನಿ."