ಹದ ನೋಡಿದ ಬೆರಳು

ಅವರ ಬಲಗೈಯ ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ತಣ್ಣೀರಲ್ಲಿ ಅದ್ದಿ, ಕುದಿಯುವ ಕಬ್ಬಿನ ಪಾಕ ಮುಟ್ಟಿ, ನಲವತ್ತು ವರ್ಷ ಹದ ನೋಡಿದ ಬೆರಳು. ರೇಶನ್ ಅಂಗಡಿಯ ಯಂತ್ರ ಅದನ್ನು ಒಪ್ಪುತ್ತಿರಲಿಲ್ಲ. "ಊರೆಲ್ಲಾ ಗುರ್ತ ಹಿಡೀತೈತಿ, ಈ ಡಬ್ಬಿಗಷ್ಟ ನಾ ಯಾರಂತ ಗೊತ್ತಿಲ್ಲ," ಎಂದು ನಗುತ್ತಿದ್ದರು.

ಉಗಾರ ಬುದ್ರುಕದಲ್ಲಿ ನಮ್ಮ ಹೊಲಕ್ಕೆ ತಾಗಿಯೇ ಅವರ ಬೆಲ್ಲದ ಗಾಣ. ನನಗೆ ಅವರು ಕಾಕಾ. ಬೆಲ್ಲ ಬೆಳ್ಳಗೆ ಕಾಣಲೆಂದು ಉಳಿದ ಗಾಣದವರು ರಾಸಾಯನಿಕ ಪುಡಿ ಹಾಕುತ್ತಿದ್ದರು. ಕಾಕಾ ಹಾಕಲಿಲ್ಲ. ವ್ಯಾಪಾರಿ ಗೊಣಗಿದರೆ, "ಅದರ ಬಣ್ಣ ಅದಕ್ಕ ಇರ್ಲಿ ಬಿಡ್ರಿ, ಸಾವಕಾರ್ರ," ಎನ್ನುತ್ತಿದ್ದರು.

ಅವರ ಕುತ್ತಿಗೆಯಲ್ಲಿ ಎದ್ದ ಗಂಟುಗಳು ಕ್ಯಾನ್ಸರ್ ಎಂದು ಗೊತ್ತಾಯಿತು. ಎರಡು ಸಲ ಔಷಧ ಕೊಟ್ಟ ಮೇಲೆ ಡಾಕ್ಟರು ಸ್ಕ್ಯಾನ್ ಬರೆದರು. ಔಷಧ ನಾಟಿದೆಯೋ ಇಲ್ಲವೋ ಈಗಲೇ ತಿಳಿಯಬೇಕು, ನಾಟದಿದ್ದರೆ ಬದಲಿಸಬೇಕು. ವಿಕಿರಣ ಬೆರೆಸಿದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಾರೆ. ಜೀವಂತ ಕ್ಯಾನ್ಸರ್ ಅದನ್ನು ಕಬಳಿಸಿ ಪರದೆಯ ಮೇಲೆ ಹೊಳೆಯುತ್ತದೆ. ಅದಕ್ಕೆ ಆರು ತಾಸು ಮೊದಲಿಂದ ನೀರು ಬಿಟ್ಟು ಏನೂ ತಿನ್ನುವಂತಿಲ್ಲ.

"ಪಾಕದ ಹದ ನೋಡಿದಂಗ," ಎಂದರು ಕಾಕಾ. "ಅಚ್ಚಿಗೆ ಸುರುವಿದ ಮ್ಯಾಲ ನೋಡಿ ಏನ್ ಮಾಡೋದೈತಿ?"

ಅಂದು ಬೆಳಿಗ್ಗೆ ಹೊರಡುವಾಗ ಗಾಣಕ್ಕೆ ಒಂದು ಗಳಿಗೆ ಹೋದರು. ಬಿಸಿ ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡದ್ದನ್ನು ನಾನು ಕಾರಿನಿಂದ ನೋಡಿದೆ. ದಿನದ ರೂಢಿ, ಅವರಿಗೇ ಅರಿವಿರಲಿಲ್ಲ. ನಾನು ಸುಮ್ಮನಿದ್ದೆ. ಹೇಳಿದರೆ ಸ್ಕ್ಯಾನ್ ಮುಂದೆ ಹೋಗುತ್ತದೆ, ಇನ್ನಷ್ಟು ದಿನ ಈ ಭಯದಲ್ಲೇ ಇರಬೇಕು. ಅದಾಗಲೇ ಹತ್ತು ರಾತ್ರಿ ನಾನು ನಿದ್ದೆ ಮಾಡಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಸೂಜಿ ಹಿಡಿದು ಕೇಳಿದಳು: "ಅಜ್ಜಾರ, ಏನರ ತಿಂದೀರೇನ್ರಿ?"

"ಇಲ್ಲರಿ," ಎಂದೆ ನಾನು.

ಕಾಕಾ ಬೆರಳು ನೋಡಿಕೊಂಡರು. ತುದಿ ಇನ್ನೂ ಅಂಟಂಟಾಗಿತ್ತು. "ತಿಂದಿದ್ರ ಏನಾಕ್ಕೈತಿ, ತಂಗಿ?"

"ರೋಗ ಇದ್ರೂ ಮಬ್ಬಾಗಿ ಕಾಣಬಹುದ್ರಿ. ಔಷಧ ನಾಟೇತಿ ಅಂತ ನಾವು ತಪ್ಪ ತಿಳ್ಕೋತೀವಿ."

ಸೂಜಿಗೆ ಚಾಚಿದ್ದ ತೋಳನ್ನು ಕಾಕಾ ಕೆಳಗಿಳಿಸಿದರು. "ಲಿಂಬಿಕಾಯಷ್ಟ ಬೆಲ್ಲ ತಿಂದೇನಿ, ತಂಗಿ. ಇಂವಾ ಅಂಜಿ ಸುಳ್ಳ ಹೇಳ್ಯಾನ, ಬೈಬ್ಯಾಡ."

ಸ್ಕ್ಯಾನ್ ಮುಂದಕ್ಕೆ ಹೋಯಿತು. ವಾಪಸು ಬರುವಾಗ ರಾಯಬಾಗ ದಾಟಿದೆವು. ಆಮೇಲೆ ಕಾಕಾ ಅಂದರು: "ನಂಗೂ ಅಂಜಿಕಿ ಐತೋ ತಮ್ಮಾ. ಆದ್ರ ಪುಡಿ ಹಾಕಿದ ಬೆಲ್ಲ ನಾ ಯಾರಿಗೂ ಕೊಟ್ಟಿಲ್ಲ. ಅಂಥಾ ರಿಪೋರ್ಟ ನಾ ಯಾಕ ತಗೋಳ್ಳಿ?"

ಮೂರು ದಿನ ಬಿಟ್ಟು ಮತ್ತೆ ಹೋದೆವು. ಬೆರಳು ರೂಢಿಯಂತೆ ಬಾಯಿಗೆ ಹೋಗಬಾರದೆಂದು ಅದಕ್ಕೆ ಅರಿವೆ ಸುತ್ತಿಕೊಂಡಿದ್ದರು. ಪರದೆಯ ಮೇಲೆ ಗಂಟುಗಳು ಹೊಳೆದವು. ಔಷಧ ನಾಟಿರಲಿಲ್ಲ. ಡಾಕ್ಟರು ಅದೇ ವಾರ ಬೇರೆ ಔಷಧ ಶುರು ಮಾಡಿದರು. ಅದು ಹಿಡಿಯಿತು, ಆದರೆ ಪೂರ್ತಿ ಅಲ್ಲ.

ಕಾಕಾ ಇನ್ನೂ ಎರಡು ಹಂಗಾಮು ಗಾಣ ನಡೆಸಿ ತೀರಿಕೊಂಡರು. ಆ ಎರಡೂ ಹಂಗಾಮಿನ ಬೆಲ್ಲ ನಮ್ಮ ಮನೆಗೆ ಬಂತು. ಕಪ್ಪಗೇ ಇತ್ತು. ಆಸ್ಪತ್ರೆಯಲ್ಲಿ ನನ್ನ ಸುಳ್ಳೇ ನಡೆದಿದ್ದರೆ ಅದು ಬರುತ್ತಿರಲಿಲ್ಲ.